ದೋಣಿ ತೊಳೆಯುವ ಖರ್ಚು ಯಾವ ಲೆಕ್ಕಕ್ಕೆ?

(ನಮ್ಮೂರಿನ ಹವ್ಯಾಸಿ ರಂಗತಂಡದ ವಾರ್ಷಿಕ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಇದು ಊಟದ ಹಾಲ್, ಮಾತಾಡೋಕೆ ಅಂತ ಕಟ್ಟಿದ್ದಲ್ಲ. ಊರಿನ ಟೌನ್‌ಹಾಲ್ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿರಿ. ಆ ಮಾತು ಟೌನ್‌ಹಾಲ್‌ನಲ್ಲೇ ಆಗಬೇಕಿತ್ತು. ಅಲ್ಲಿ ಗೇಟಿಗೆ ಬೀಗ, ಪಕ್ಕದಲ್ಲಿ 'ನವೀಕರಣ ಕಾಮಗಾರಿ ಪ್ರಗತಿಯಲ್ಲಿದೆ' ಅನ್ನೋ ಬೋರ್ಡು. ಆ ಬೋರ್ಡೇ ಬಿಸಿಲಿಗೆ ಬಣ್ಣ ಬಿಟ್ಟು ಈಗ ನವೀಕರಣಕ್ಕೆ ಬಂದಿದೆ. ಹಾಗಾಗಿ ಕಲ್ಯಾಣ ಮಂಟಪದವರು ದೊಡ್ಡ ಮನಸ್ಸು ಮಾಡಿ ಈ ಜಾಗ ಕೊಟ್ಟಿದ್ದಾರೆ. ಎಂಟೂವರೆಗೆ ಬಿಡಬೇಕಂತೆ. ನಾಳೆ ಮದುವೆ, ಇವತ್ತು ರಾತ್ರಿ ಇಲ್ಲೇ ತರಕಾರಿ ಹೆಚ್ಚುತ್ತಾರೆ.

ನಾನು ನಾಟಕದವನಲ್ಲ. ಮೂವತ್ತು ವರ್ಷ ಪುರಸಭೆ, ನಗರಸಭೆಗಳ ಲೆಕ್ಕ ಶಾಖೆಯಲ್ಲಿ ಕೂತು ಬಂದವನು. ನೀವು ಟೌನ್‌ಹಾಲ್ ಅಂದರೆ ರಂಗ ನೋಡುತ್ತೀರಿ, ಬೆಳಕು ನೋಡುತ್ತೀರಿ. ನನಗೆ ಕಾಣೋದು ವೋಚರ್. ಆ ಕಡೆಯಿಂದಲೇ ಹೇಳುತ್ತೇನೆ.

ಜನ ಕೇಳುವ ಮೊದಲ ಪ್ರಶ್ನೆ, 'ಪುರಸಭೆ ಹತ್ತಿರ ದುಡ್ಡಿಲ್ವಾ?' ಇದೆ. ದುಡ್ಡಿನ ಮೇಲೆಲ್ಲ ಹೆಸರು ಬರೆದಿರುತ್ತೆ, ಅದೇ ತೊಂದರೆ. ಮದುವೆ ಮನೆಯಲ್ಲಿ ಪಾತ್ರೆ ಮೇಲೆ ಹೆಸರು ಕೊರೆಸಿರುತ್ತಾರಲ್ಲ, ಹಾಗೆ. ನಮ್ಮ ಅಡುಗೆಗೆ ಪಾತ್ರೆ ಸಾಲದು ಅಂತ ಪಕ್ಕದವರ ಪಾತ್ರೆ ಎತ್ತಿಕೊಳ್ಳೋ ಹಾಗಿಲ್ಲ.

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ, ಬೇಗ ಮುಗಿಸುತ್ತೇನೆ. 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದರ ಜೊತೆ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿತು. ನಗರಗಳ ಸ್ಥಳೀಯ ಸಂಸ್ಥೆಗೆ ಕೊಡಬಹುದಾದ 18 ಕೆಲಸಗಳು ಅದರಲ್ಲಿವೆ. ಉದ್ಯಾನ, ಆಟದ ಮೈದಾನ ಒಂದು ಸಾಲಿನಲ್ಲಿ. ಸಾಂಸ್ಕೃತಿಕ, ಶೈಕ್ಷಣಿಕ ಚಟುವಟಿಕೆಗೆ ಉತ್ತೇಜನ ಅದರ ಮುಂದಿನ ಸಾಲಿನಲ್ಲಿ. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಪುರಸಭೆ ಕಾಯ್ದೆ 1964ರದ್ದು. ಅದರಲ್ಲಿ ಕೆಲಸಗಳಿಗೆ ಎರಡು ಪಟ್ಟಿ. ಒಂದು ಮಾಡಲೇಬೇಕಾದ್ದು, ಇನ್ನೊಂದು ಮಾಡಬಹುದಾದ್ದು. ಬೀದಿದೀಪ, ಚರಂಡಿ, ಕಸ, ಇವು ಮೊದಲ ಪಟ್ಟಿ. ವಾಚನಾಲಯ, ಸಭಾಂಗಣ, ಉದ್ಯಾನ ಎರಡನೆಯದು. ಕಾಸು ಕಮ್ಮಿ ಇರೋ ಮನೆಯಲ್ಲಿ 'ಮಾಡಬಹುದು' ಅನ್ನೋದಕ್ಕೆ ಯಾವಾಗ ಸರದಿ ಬರುತ್ತೆ ಅಂತ ನಿಮಗೇ ಗೊತ್ತು.

ಇನ್ನು ಮಾಲೀಕರು ಯಾರು ಅನ್ನೋದೇ ಗೊಂದಲ. ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರ ಕಟ್ಟಿಸಿದ ರಂಗಮಂದಿರ ಸಾಮಾನ್ಯವಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಸೇರಿದ್ದು. ಜಿಲ್ಲಾ ಕ್ರೀಡಾಂಗಣ ಕ್ರೀಡಾ ಇಲಾಖೆಯದು. ನಗರದ ಗ್ರಂಥಾಲಯ ಗ್ರಂಥಾಲಯ ಇಲಾಖೆಯದು. ಟೌನ್‌ಹಾಲ್, ಪಾರ್ಕು, ಕೆಲವು ಕಡೆ ಈಜುಕೊಳ ಪುರಸಭೆಯದು. ನಲ್ಲಿ ಸೋರುತ್ತಿದೆ ಅಂತ ದೂರು ಬರೆಯೋ ಮೊದಲು ಅದು ಯಾರ ನಲ್ಲಿ ಅಂತ ಹುಡುಕಬೇಕು.

ಈಗ ನಿಮ್ಮ ಮನೆ ಕಂದಾಯದ ಚಲನ್ ತೆಗೆದು ನೋಡಿ. ಏಪ್ರಿಲ್ ಒಳಗೆ ಕಟ್ಟಿದರೆ 5% ರಿಯಾಯಿತಿ ಅಂತ ಎಲ್ಲರೂ ಸಾಲು ನಿಲ್ಲುತ್ತೀರಿ. ಕೆಳಗಿನ ಸಾಲುಗಳನ್ನು ಯಾರೂ ಓದಲ್ಲ. ಲೆಕ್ಕಕ್ಕೆ ಸುಮ್ನೆ ತೆರಿಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಕರ 15%, ಅಂದರೆ 1,500. ಗ್ರಂಥಾಲಯ ಕರ 6%, 600. ಭಿಕ್ಷುಕರ ಕರ 3%, 300. ನಗರ ಸಾರಿಗೆ ಕರ 2%, 200. ಒಟ್ಟು 2,600 ರೂಪಾಯಿ ತೆರಿಗೆಯ ಮೇಲೆ ತೆರಿಗೆ.

ಆ 600 ರೂಪಾಯಿ ನೋಡಿ. ಇಡೀ ಚಲನ್‌ನಲ್ಲಿ ಸಂಸ್ಕೃತಿಗೆ ಅಂತಲೇ ಹೆಸರು ಬರೆದ ದುಡ್ಡು ಅದೊಂದೇ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಪುರಸಭೆ ಅದನ್ನು ವಸೂಲಿ ಮಾಡಿ, ವಸೂಲಿ ಖರ್ಚು ಹಿಡಿದುಕೊಂಡು, ಉಳಿದದ್ದನ್ನು ಗ್ರಂಥಾಲಯಕ್ಕೆ ಕಟ್ಟಬೇಕು. ಕಟ್ಟಬೇಕು ಅಂದೆ. ಕಟ್ಟುತ್ತಾರೆ ಅನ್ನಲಿಲ್ಲ. ಸಂಬಳದ ದಿನ ಬಂತು, ಖಜಾನೆಯಲ್ಲಿ ಶಿಲ್ಕು ಕಮ್ಮಿ ಇದೆ ಅಂದರೆ ಲೆಕ್ಕ ಶಾಖೆಯವನ ಕಣ್ಣು ಮೊದಲು ಹೋಗೋದು ಈ ಕರದ ಮೇಲೆ. 'ಮುಂದಿನ ತಿಂಗಳು ಕಟ್ಟಿದರಾಯ್ತು' ಅಂತ ಒಂದು ತಿಂಗಳು ಎಳೀತಾರೆ. ಒಂದು ಹನ್ನೆರಡಾಗುತ್ತೆ. ನಾನೂ ಎಳೆದಿದ್ದೇನೆ. ದೊಡ್ಡ ನಗರಗಳಲ್ಲಿ ಈ ಬಾಕಿ ಕೋಟಿಗಳಲ್ಲಿ ಬೆಳೆದು, ಸುದ್ದಿಯಾಗಿ, ಮತ್ತೆ ಮರೆತೂ ಹೋಗಿದೆ. ಗ್ರಂಥಾಲಯದಲ್ಲಿ ಹೊಸ ಪುಸ್ತಕ ಯಾಕಿಲ್ಲ ಅಂತ ಗ್ರಂಥಪಾಲಕರನ್ನು ಬೈತೀರಲ್ಲ, ಅವರ ತಪ್ಪೇನೂ ಇರಲ್ಲ.

ಒಂದು ಮಾತು ಸೇರಿಸಬೇಕು. ಹಳ್ಳಿಗಳ ಕಡೆ ಲೆಕ್ಕ ಬದಲಾಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದರು. ಐದೂವರೆ ಸಾವಿರಕ್ಕೂ ಜಾಸ್ತಿ ಇವೆ. ಈಗ ಅವಕ್ಕೆ 'ಅರಿವು ಕೇಂದ್ರ' ಅಂತ ಹೆಸರು. ಕರ ವಸೂಲಿ ಮಾಡೋನು, ಬಾಗಿಲು ತೆಗೆಯೋನು, ಬೈಸಿಕೊಳ್ಳೋನು ಮೂವರೂ ಒಂದೇ ಕಟ್ಟಡದಲ್ಲಿ ಕೂತಾಗ ಸ್ವಲ್ಪ ಚುರುಕು ಬರುತ್ತೆ. ಕೆಲವು ಊರುಗಳಲ್ಲಿ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತಿರೋದನ್ನು ನಾನೇ ನೋಡಿದ್ದೇನೆ.

ಇನ್ನು ಮೇಲಿಂದ ಬರೋ ದುಡ್ಡು. ಕೇಂದ್ರದ ದುಡ್ಡಿನಲ್ಲಿ ಯಾರಿಗೆ ಎಷ್ಟು ಅಂತ ಹೇಳೋದು ಹಣಕಾಸು ಆಯೋಗ. 15ನೇ ಆಯೋಗದ್ದು 2021ರಿಂದ 2026ರವರೆಗಿನ ಲೆಕ್ಕ. ಆ ಲೆಕ್ಕದಲ್ಲಿ ಬೆಂಗಳೂರಿನಂಥ ದೊಡ್ಡ ನಗರ ಬಿಟ್ಟು ಉಳಿದ ಊರುಗಳಿಗೆ ಇಟ್ಟ ಅನುದಾನದಲ್ಲಿ 60% ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ 40% ಕೈಬಿಚ್ಚಿ ಖರ್ಚು ಮಾಡಬಹುದಿತ್ತು, ಸಂಬಳ ಮತ್ತು ಕಚೇರಿ ಖರ್ಚಿಗೆ ಮಾತ್ರ ಕೂಡದಿತ್ತು. ಆ 40%ನ ಮೇಲೆ ಎಲ್ಲ ವಾರ್ಡಿನ ರಸ್ತೆಗಳೂ ಕಣ್ಣಿಟ್ಟಿದ್ದವು. ಇನ್ನು ರಾಜ್ಯದ ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನ ಇದೆ, ಊರುಗಳ ಅಭಿವೃದ್ಧಿಗೆ ಅಂತ ರಾಜ್ಯದ್ದೇ ನಗರೋತ್ಥಾನ ಯೋಜನೆ ಇದೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಇವುಗಳ ಸ್ವಭಾವ ಒಂದೇ. ಹೊಸದು ಕಟ್ಟೋಕೆ ಕೈ ಮುಂದೆ, ಕಟ್ಟಿದ್ದನ್ನು ನಡೆಸೋಕೆ ಕೈ ಹಿಂದೆ. ಕಟ್ಟಿದರೆ ಕಲ್ಲು ನೆಡಬಹುದು, ಕಲ್ಲಿನ ಮೇಲೆ ಹೆಸರು ಕೆತ್ತಬಹುದು. ಕಕ್ಕಸು ತೊಳೆಸಿದ್ದಕ್ಕೆ ಯಾರಾದರೂ ಕಲ್ಲು ನೆಟ್ಟಿದ್ದಾರಾ?

ಈಗ ದೋಣಿಗೆ ಬರುತ್ತೇನೆ. ಹೊಳೆ ದೋಣಿಯಲ್ಲ, ಚಾವಣಿಯ ಮಳೆನೀರು ಹರಿಸೋ ದೋಣಿ. ಆ ಊರಿನ ಹೆಸರು ಬೇಡ.

ಅಲ್ಲೊಂದು ಹಳೇ ಸಭಾಂಗಣ. ಹೆಂಚಿನ ಚಾವಣಿ. ಆಮೇಲೆ ಯಾವಾಗಲೋ ಪಕ್ಕಕ್ಕೆ ಅಂಟಿಸಿ ಒಂದು ಗ್ರೀನ್‌ರೂಂ ಕಟ್ಟಿದ್ದರು, ಅದಕ್ಕೂ ಹೆಂಚು. ಎರಡು ಇಳಿಜಾರು ಸೇರೋ ಕಡೆ ತಗಡಿನ ದೋಣಿ. ಎರಡೂ ಕಡೆಯ ನೀರು ಅದಕ್ಕೆ ಬಿದ್ದು ಪೈಪಿನಲ್ಲಿ ಇಳಿಯಬೇಕು. ಮೇಲೆ ಒಂದು ಹೊಂಗೆ ಮರ. ವಾಚ್‌ಮನ್ ಒಬ್ಬರಿದ್ದರು, ವಯಸ್ಸಾದವರು. ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರು ಬರೋ ಮುಂಚೆ, ಏಣಿ ಹಾಕಿ ಹತ್ತಿ ದೋಣಿಯಲ್ಲಿದ್ದ ಎಲೆ, ಕಾಯಿ, ಕಾಗೆ ತಂದು ಹಾಕಿದ ಮೂಳೆ ಎಲ್ಲ ಬಾಚಿ ತೆಗೆಯುತ್ತಿದ್ದರು. ಯಾರೂ ಹೇಳಿರಲಿಲ್ಲ. ಅದು ಅವರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ.

ಅವರು ನಿವೃತ್ತಿ ಆದರು. ಆ ಹುದ್ದೆ ತುಂಬಲಿಲ್ಲ. ಎರಡನೇ ಮಳೆಗಾಲಕ್ಕೆ ದೋಣಿ ಕಟ್ಟಿಕೊಂಡಿತು. ನೀರು ಹಿಂದಕ್ಕೆ ತುಳುಕಿ ಗೋಡೆ ಒಳಗೆ ಇಳಿಯಿತು. ಗ್ರೀನ್‌ರೂಂ ಗೋಡೆ ಮೇಲೆ ಹಸಿರು ಬಂತು. ನಾಟಕದವರು ಅರ್ಜಿ ಕೊಟ್ಟರು. ಅರ್ಜಿ ಫೈಲ್ ಆಯ್ತು. ಆರೋಗ್ಯ ಶಾಖೆಯವರು, ನಮ್ಮದು ರಸ್ತೆ ಚರಂಡಿ, ಚಾವಣಿ ಮೇಲಿನದಲ್ಲ ಅಂದರು. ಎಂಜಿನಿಯರ್ ಶಾಖೆಯವರು, ಇದು ಕಾಮಗಾರಿ ಅಲ್ಲ, ಇಬ್ಬರು ಆಳಿನ ಅರ್ಧ ದಿನದ ಕೆಲಸ, ಇದಕ್ಕೆ ಎಸ್ಟಿಮೇಟ್ ಹೇಗೆ ಮಾಡಲಿ ಅಂದರು. ಕೊನೆಗೆ ನನ್ನ ಟೇಬಲ್‌ಗೆ ಬಂತು. ನಾನು ಏನು ಬರೆದೆ ಗೊತ್ತಾ? 'ಸದರಿ ಖರ್ಚಿಗೆ ಸೂಕ್ತ ಲೆಕ್ಕ ಶೀರ್ಷಿಕೆ ಲಭ್ಯವಿಲ್ಲ. ಮರು ಸಲ್ಲಿಸುವುದು.' ಅಂದರೆ ಈ ಖರ್ಚು ಬರೆಯೋಕೆ ನಮ್ಮ ಲೆಕ್ಕದಲ್ಲಿ ಸಾಲೇ ಇಲ್ಲ ಅಂತ. ಕೆಳಗೆ ನನ್ನ ಸಹಿ. ನಿಯಮದ ಪ್ರಕಾರ ನಾನು ಬರೆದದ್ದು ಸರಿ ಇತ್ತು. ಅದೇ ಬೇಜಾರು.

ಫೈಲ್ ಮರು ಸಲ್ಲಿಕೆ ಆಗಲಿಲ್ಲ. ಒಂದು ಮಳೆಗಾಲದಲ್ಲಿ ರಂಗದ ಪಕ್ಕದ ಸ್ವಿಚ್ ಬೋರ್ಡಿಗೆ ನೀರು ಇಳಿದು ಶಾರ್ಟ್ ಆಯ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ರೀಪುಗಳು ಕೊಳೆತವು, ಹೆಂಚು ಕುಸಿದವು, ಹಾಲ್‌ಗೆ ಬೀಗ ಬಿತ್ತು. ಆಮೇಲೆ ಇಡೀ ಚಾವಣಿ ಕಿತ್ತು ಹೊಸದು ಹಾಕೋಕೆ ಅನುದಾನ ಬಂತು. ಎಸ್ಟಿಮೇಟ್ ಆಯ್ತು, ಟೆಂಡರ್ ಆಯ್ತು, ಕಲ್ಲು ನೆಟ್ಟರು. ಲೆಕ್ಕ ಶೀರ್ಷಿಕೆಯೂ ಸಿಕ್ಕಿತು. ದೋಣಿ ತೊಳೆಯೋಕೆ ಸಿಗದ ದುಡ್ಡು, ದೋಣಿ ತೊಳೆಯದ್ದಕ್ಕೆ ಆದ ಹಾನಿಗೆ ಸರಾಗವಾಗಿ ಸಿಕ್ಕಿತು.

ಟೌನ್‌ಹಾಲ್ ನವೀಕರಣ ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಆ ದೋಣಿ ಕಣ್ಣಿಗೆ ಕಟ್ಟುತ್ತೆ. ನಿಜವಾಗಿ ಹಳೇದಾಗಿ ನವೀಕರಣಕ್ಕೆ ಬರೋ ಕಟ್ಟಡ ಕಮ್ಮಿ. ಬಹಳಷ್ಟು ಕಡೆ ಹತ್ತು ವರ್ಷ ಮಾಡದ ಸಣ್ಣ ಸಣ್ಣ ಕೆಲಸಗಳಿಗೆ ಒಟ್ಟಿಗೆ ಬಿಲ್ ಬರುತ್ತೆ, ನಾವು ಅದಕ್ಕೆ ನವೀಕರಣ ಅಂತೀವಿ.

ಲೆಕ್ಕಪತ್ರದಲ್ಲೂ ಒಂದು ತಮಾಷೆ ಇದೆ. 2006ರಲ್ಲಿ ಪುರಸಭೆಗಳಿಗೆ ಹೊಸ ಲೆಕ್ಕಪತ್ರ ಮತ್ತು ಬಜೆಟ್ ನಿಯಮ ಬಂತು, ಡಬಲ್ ಎಂಟ್ರಿ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯೋ ಪದ್ಧತಿ ಬಂತು. ಅಂದಿನಿಂದ ಕಟ್ಟಡಕ್ಕೆ ಪ್ರತಿ ವರ್ಷ ಸವಕಳಿ ಬರೆಯುತ್ತೇವೆ. ಕಟ್ಟಡ ಈ ವರ್ಷ ಇಷ್ಟು ಸವೆಯಿತು ಅಂತ ಪುಸ್ತಕ ಹೇಳುತ್ತೆ. ಅಂಗಡಿಯವನಾದರೆ ಅಷ್ಟು ದುಡ್ಡು ಪಕ್ಕಕ್ಕೆ ಎತ್ತಿಡುತ್ತಾನೆ. ನಮ್ಮಲ್ಲಿ ಸವಕಳಿ ಬರೀ ಕಾಗದದ ಮೇಲೆ. ಒಂದು ರೂಪಾಯಿಯೂ ಯಾವ ಡಬ್ಬಿಗೂ ಬೀಳಲ್ಲ. ಆದರೂ ಮಾರ್ಚ್ ಬಂತು ಅಂದರೆ 'ಉಳಿತಾಯ ಬಜೆಟ್ ಮಂಡನೆ' ಅಂತ ಸುದ್ದಿ. ನಾನು ಮೂವತ್ತು ವರ್ಷದಲ್ಲಿ ಕೊರತೆ ಬಜೆಟ್ ಮಂಡಿಸಿದ ಪುರಸಭೆ ನೋಡಲಿಲ್ಲ. ಮಾಡಬೇಕಾದ್ದನ್ನು ಮಾಡದೆ ಇದ್ದರೆ ಉಳಿತಾಯ ಆಗದೆ ಇನ್ನೇನಾಗುತ್ತೆ, ಅಲ್ವಾ?

ಹಾಗಾದರೆ ಬಾಡಿಗೆಯಿಂದ ನಡೆಸಬಹುದಲ್ಲ ಅಂತ ಕೇಳುತ್ತೀರಿ. ಇಲ್ಲಿ ನಿಮಗೂ ಸ್ವಲ್ಪ ಕಹಿ ಹೇಳಬೇಕು. ನಾಟಕದವರಿಗೆ ಬಾಡಿಗೆ ಕಮ್ಮಿ ಇರಬೇಕು, ಒಪ್ಪಿದೆ. ಆದರೆ ಕಮ್ಮಿ ಬಾಡಿಗೆಗೆ ಕರೆಂಟ್ ಬಿಲ್ ಕೂಡ ಹುಟ್ಟಲ್ಲ. ಬೀದಿದೀಪ, ನೀರಿನ ಪಂಪಿನ ಕರೆಂಟಿಗೆ ಸರ್ಕಾರದ ಅನುದಾನ ಇದೆ. ಟೌನ್‌ಹಾಲ್ ಫ್ಯಾನಿಗೆ ಇಲ್ಲ. ಬಾಡಿಗೆ ಏರಿಸಿದರೆ ಬರೋದು ಸೀರೆ ಮಾರಾಟ ಮೇಳ, ಪೀಠೋಪಕರಣ ಮೇಳ, ಆರತಕ್ಷತೆ. ಅವರು ಕೊಟ್ಟ ದುಡ್ಡಿನಲ್ಲಿ ನಿಮ್ಮ ನಾಟಕ ನಡೀಬೇಕು. ಇದು ತಪ್ಪಲ್ಲ. ಎಷ್ಟು ದಿನ ಮೇಳಕ್ಕೆ, ಎಷ್ಟು ದಿನ ಕಲೆಗೆ ಅಂತ ಮೊದಲೇ ಬರೆದಿಟ್ಟರೆ ಸಾಕು. ಬರೆದಿಡೋರು ಕಮ್ಮಿ.

ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನ ನೋಡಿ. ನಗರಸಭೆ ಅಧ್ಯಕ್ಷರಾಗಿದ್ದವರ ಹೆಸರಿನ ಕಟ್ಟಡ, 1935ರದ್ದು. ದಪ್ಪ ಕಂಬಗಳು, ಎತ್ತರದ ಮೆಟ್ಟಿಲು. ಎಷ್ಟೋ ವರ್ಷ ಒಳಗಿನ ಸಭಾಂಗಣಕ್ಕಿಂತ ಹೊರಗಿನ ಮೆಟ್ಟಿಲಿಗೇ ಜಾಸ್ತಿ ಗಿರಾಕಿ. ಧರಣಿ, ಪ್ರತಿಭಟನೆ ಎಲ್ಲ ಅಲ್ಲೇ. ಮೆಟ್ಟಿಲಿಗೆ ಬಾಡಿಗೆ ಇರಲಿಲ್ಲ ನೋಡಿ.

ಇನ್ನೊಂದು ದಾರಿ ಮಳಿಗೆ. ಹಾಲ್ ಮುಂದೆ ಸಾಲಾಗಿ ಅಂಗಡಿ ಕಟ್ಟಿ, ಹರಾಜು ಹಾಕಿ, ಆ ಬಾಡಿಗೆಯಲ್ಲಿ ಹಾಲ್ ನಡೆಸೋದು. ಕಾಗದದ ಮೇಲೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ನಮ್ಮಲ್ಲಿ ಮಳಿಗೆ ಕೊಡೋದು ಸಾಮಾನ್ಯವಾಗಿ 12 ವರ್ಷಕ್ಕೆ. ಹನ್ನೆರಡು ಮುಗಿದ ದಿನ ಮಳಿಗೆಯವರು ಕೋರ್ಟಿಗೆ ಹೋಗಿ ತಡೆ ತರುತ್ತಾರೆ, ಹಳೇ ಬಾಡಿಗೆಯಲ್ಲೇ ಇನ್ನೊಂದು ಹನ್ನೆರಡು. ಬೆಳಗಾವಿಯ ಟಿಳಕವಾಡಿಯಲ್ಲಿ ಪಾಲಿಕೆಯ ಕಲಾಮಂದಿರ ಇತ್ತು. ಆ ಹಳೇ ಕಟ್ಟಡ ಹೋಗಿ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಆ ಜಾಗಕ್ಕೆ ದೊಡ್ಡ ವಾಣಿಜ್ಯ ಸಂಕೀರ್ಣ ಬಂತು. ಲೆಕ್ಕದವನಾಗಿ ನಾನು ತಲೆ ಆಡಿಸಬೇಕು. ಆದರೆ ಕಲಾಮಂದಿರ ಇದ್ದ ಕಡೆ ಅಂಗಡಿ ಮೊದಲು, ಕಲೆ ಆಮೇಲೆ ಅನ್ನೋ ಹಾಗಾದರೆ ನನಗೆ ಅದು ಅಷ್ಟು ಸರಿ ಕಾಣಲ್ಲ.

ಬಾಡಿಗೆ ಬಂದರೂ ಕಟ್ಟಡ ನೋಡಿಕೊಳ್ಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಮೈಸೂರು ಸಾಕು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ತೀರಿಹೋದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಅಂಗಡಿ ತುಂಬಿದ ಕಟ್ಟಡಗಳೇ. ಅದೇ ಊರಿನ ಪುರಭವನ, ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು, ಅಡಿಗಲ್ಲು 1884ರಲ್ಲಿ. ಅದು ಇನ್ನೂ ನಿಂತಿದೆ. ಅದರ ಅಂಗಳದ ಕೆಳಗೆ ಕಾರು ನಿಲ್ಲಿಸೋಕೆ ತೋಡಿದ ಕಾಮಗಾರಿ ಮಾತ್ರ ಹತ್ತು ವರ್ಷಕ್ಕೂ ಜಾಸ್ತಿ ಎಳೆಯಿತು.

ಸ್ಮಾರ್ಟ್ ಸಿಟಿ ಅಂದೆನಲ್ಲ. 2015ರಲ್ಲಿ ಶುರುವಾದ ಯೋಜನೆ, 2025ರ ಮಾರ್ಚ್‌ಗೆ ಮುಗಿಯಿತು. ಒಂದೊಂದು ನಗರಕ್ಕೆ ಕೇಂದ್ರದ್ದು 500 ಕೋಟಿ, ಅಷ್ಟೇ ರಾಜ್ಯದ ಪಾಲು. ನಮ್ಮಲ್ಲಿ ಏಳು ನಗರ. ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಬೆಂಗಳೂರು. ಹುಬ್ಬಳ್ಳಿಯ ಇಂದಿರಾ ಗಾಜಿನ ಮನೆ ಉದ್ಯಾನದಲ್ಲಿ ಪುಟಾಣಿ ರೈಲು ಓಡಿದ್ದು ಈ ದುಡ್ಡಿನಲ್ಲಿ. ಮಂಗಳೂರಿನ ಎಮ್ಮೆಕೆರೆಯ ಈಜುಕೊಳವೂ ಇದರದ್ದೇ, ಸುಮಾರು 25 ಕೋಟಿ, 2023ರಲ್ಲಿ ಬಾಗಿಲು ತೆರೆಯಿತು. ಚೆನ್ನಾಗಿದೆ, ಹೋಗಿ ನೋಡಿ. ಆದರೆ ಈಜುಕೊಳ ಅನ್ನೋದು ಆನೆ ಸಾಕಿದ ಹಾಗೆ. ನೀರು ಶೋಧಿಸೋ ಪಂಪು ನಿಲ್ಲೋ ಹಾಗಿಲ್ಲ, ಕ್ಲೋರಿನ್ ತಪ್ಪೋ ಹಾಗಿಲ್ಲ, ಜೀವರಕ್ಷಕ ರಜೆ ಹಾಕಿದರೆ ಬಾಗಿಲು ಹಾಕಬೇಕು. ಆನೆ ಕೊಟ್ಟ ಯೋಜನೆ ಮುಗಿಯಿತು, ಕಬ್ಬು ಪಾಲಿಕೆಯೇ ತರಬೇಕು.

ಬರೀ ದೂರು ಹೇಳಿದೆ ಅಂತ ಬೇಡ. ಚೆನ್ನಾಗಿ ನಡೆಯೋ ಒಂದು ಜಾಗದ ಬಗ್ಗೆ ಹೇಳಿ ಮುಗಿಸುತ್ತೇನೆ. ಉಡುಪಿ ಜಿಲ್ಲೆಯ ಕೋಟದಲ್ಲಿ ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ. ಅವರು ಹುಟ್ಟಿದ ಊರು. ಅದರ ಹಿಂದೆ ಇರೋದು ಕೋಟತಟ್ಟು ಗ್ರಾಮ ಪಂಚಾಯತ್, ಜೊತೆಗೆ ಕಾರಂತರ ಹೆಸರಿನ ಒಂದು ಪ್ರತಿಷ್ಠಾನ. ಗ್ರಾಮ ಪಂಚಾಯತ್ ಅಂದೆ, ಗಮನಿಸಿ. ಮಹಾನಗರ ಪಾಲಿಕೆ ಅಲ್ಲ. ಅಲ್ಲಿ ಸಭಾಂಗಣ ಇದೆ, ಪುಸ್ತಕ ಇದೆ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಕಾರಂತರ ಹುಟ್ಟುಹಬ್ಬದ ಹೊತ್ತಿಗೆ ಕಾರ್ಯಕ್ರಮ, 'ಕಾರಂತ ಹುಟ್ಟೂರ ಪ್ರಶಸ್ತಿ'. ಅವರಿಗೂ ದುಡ್ಡು ಅಲ್ಲಿಷ್ಟು ಇಲ್ಲಿಷ್ಟು ಅಂತಲೇ ಬರುತ್ತೆ. ಆದರೆ ಆ ಕಟ್ಟಡಕ್ಕೊಂದು ಕ್ಯಾಲೆಂಡರ್ ಇದೆ. ಇಂಥ ದಿನ ಜನ ಬರುತ್ತಾರೆ ಅಂತ ಗೊತ್ತಿದ್ದರೆ ಅದಕ್ಕೂ ಮುಂಚೆ ಯಾರಾದರೂ ಬಾಗಿಲು ತೆಗೆದು ನೋಡುತ್ತಾರೆ, ಬಲ್ಬು ಹೋಗಿದೆಯಾ, ಚಾವಣಿ ಸೋರುತ್ತಿದೆಯಾ ಅಂತ. ನಮ್ಮ ಎಷ್ಟೋ ಟೌನ್‌ಹಾಲ್‌ಗಳಿಗೆ ಬುಕಿಂಗ್ ರಿಜಿಸ್ಟರ್ ಇದೆ, ಕ್ಯಾಲೆಂಡರ್ ಇಲ್ಲ. ಯಾರಾದರೂ ದುಡ್ಡು ಕಟ್ಟಿದರೆ ತೆರೆಯುತ್ತೆ, ಇಲ್ಲದಿದ್ದರೆ ಪಾರಿವಾಳ.

ನೀವು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಬಜೆಟ್‌ಗೆ ಮುಂಚೆ ಪುರಸಭೆ ಊರಿನವರನ್ನು ಕರೆದು ಪೂರ್ವಭಾವಿ ಸಭೆ ಮಾಡುತ್ತೆ. ಬರೋದು ಆರೋ ಏಳೋ ಜನ, ಕಾಫಿ ಕುಡಿದು ಹೋಗುತ್ತಾರೆ. ಈ ಸಲ ನೀವು ಹೋಗಿ. ಹೊಸ ರಂಗಮಂದಿರ ಕೇಳಬೇಡಿ. 'ಟೌನ್‌ಹಾಲ್ ವಾರ್ಷಿಕ ನಿರ್ವಹಣೆ' ಅಂತ ಬಜೆಟ್‌ನಲ್ಲಿ ಒಂದು ಸಾಲು ಕೇಳಿ. ಮೊತ್ತ ಸಣ್ಣದಾದರೂ ಪರವಾಗಿಲ್ಲ, ಸಾಲು ಇರಲಿ. ಸಾಲು ಇದ್ದರೆ ನನ್ನಂಥವನು ಫೈಲ್ ವಾಪಸ್ ಕಳಿಸೋಕೆ ಆಗಲ್ಲ. ಹಾಗೇ ಲೆಕ್ಕ ಶಾಖೆಗೆ ಹೋಗಿ, ಹೋದ ವರ್ಷ ಹಾಲ್ ಬಾಡಿಗೆ ಎಷ್ಟು ಬಂತು, ಅದರಲ್ಲಿ ಹಾಲ್‌ಗೇ ಎಷ್ಟು ಖರ್ಚಾಯ್ತು ಅಂತ ಕೇಳಿ. ಎರಡೇ ಅಂಕಿ. ಅಲ್ಲಿರೋ ಹುಡುಗ ತಡಬಡಾಯಿಸುತ್ತಾನೆ, ಬೈಬೇಡಿ. ಅವನನ್ನು ಇಲ್ಲಿವರೆಗೆ ಯಾರೂ ಕೇಳಿರಲ್ಲ.

ಇಷ್ಟು ಹೇಳಿ ಕೂತೆ. ಅಡುಗೆಯವರು ಆಗಲೇ ಬಾಗಿಲ ಹತ್ತಿರ ಬೂದುಗುಂಬಳದ ಮೂಟೆ ಇಳಿಸುತ್ತಿದ್ದರು. ಕುರ್ಚಿ ಮಡಚುತ್ತಿದ್ದಾಗ ಒಬ್ಬ ಹುಡುಗ ಬಂದು ಕೈಮುಗಿದ. ನಮ್ಮೂರಿನ ಟೌನ್‌ಹಾಲ್ ಕೆಲಸ ಹಿಡಿದಿರೋ ಕಂಟ್ರಾಕ್ಟರ್ ಕಡೆಯ ಸೈಟ್ ಎಂಜಿನಿಯರ್ ಅಂತೆ.

"ಸರ್, ನಮ್ಮ ಹಾಲ್‌ನಲ್ಲೂ ದೋಣಿ ಇದೆ," ಅಂದ.

"ಈಗ ಎಲ್ಲಿ ಬರುತ್ತೆ?" ಅಂದೆ.

"ಹೊಸ ಫಾಲ್ಸ್ ಸೀಲಿಂಗ್ ಮೇಲೆ. ಪೈಪೂ ಸೀಲಿಂಗ್ ಒಳಗೇ ಹೋಗಿದೆ. ಹೊರಗೆ ಏನೂ ಕಾಣಲ್ಲ, ನೀಟಾಗಿದೆ."

"ಹತ್ತಿ ನೋಡೋಕೆ ಒಂದು ಬಾಗಿಲು ಬಿಟ್ಟಿದ್ದೀರಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಸ್ಟಿಮೇಟ್‌ನಲ್ಲಿ ಇರಲಿಲ್ಲ ಸರ್," ಅಂದ.